ಖಾಲಿ ಬಿದ್ದ ಇಪ್ಪತ್ತೆರಡು ತಿಂಗಳು

ಗೋದಾಮಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಅವಸರ’ ಎಂದೇ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವನೇ ಒಂದು ಕ್ಷಣ ತಡವರಿಸಿ ತಿರುಗಿ ನೋಡುತ್ತಿದ್ದ. ನೆಲಕ್ಕೆ ಹಾಸುವ ಟೈಲ್ಸ್ ತುಂಬಿದ ದೊಡ್ಡ ಗೋದಾಮು ಅದು. ಯಾವ ಲಾರಿಗೆ ಯಾವ ಪೆಟ್ಟಿಗೆ, ಯಾವುದು ಮೊದಲು ಏರಬೇಕು, ಯಾವುದು ಕಡೆಗೆ ಎಂದು ನಿಂತು ಮಾಡಿಸುವ ಡಿಸ್ಪ್ಯಾಚ್ ಸೂಪರ್‌ವೈಸರ್ ಅವನು. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಬೆಳಗಿನಿಂದ ಸಂಜೆಯವರೆಗೆ ಸಾಲಿನಿಂದ ಸಾಲಿಗೆ ಓಡುತ್ತಿದ್ದ. ಊಟವನ್ನೂ ನಿಂತೇ ಮುಗಿಸುತ್ತಿದ್ದ. ಇವನು ಲೋಡ್ ಮಾಡಿಸುವ ದಿನ ಕುಡಿಯಲು ತಂದ ಟೀ ಆರುವುದರೊಳಗೆ ಗಾಡಿ ಹೊರಟಿರುತ್ತದೆ ಎಂದು ಲಾರಿಯವರು ನಗುತ್ತಿದ್ದರು.

ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರು. ಅವನನ್ನು ಓದಿಸಿದ್ದು ಅಣ್ಣ, ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಅತ್ತಿಗೆ ಆ ಮನೆಗೆ ಬಂದಾಗ ಇವನಿಗೆ ಹದಿನಾಲ್ಕು ವರ್ಷ. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಶಾಲೆ ಶುರುವಾಗುವ ಮುಂಚಿನ ಎರಡು ತಿಂಗಳು ಆ ಕೋಣೆಯಲ್ಲಿ ನೀಲಿ ಬಟ್ಟೆಯ ರಾಶಿ ಕಿಟಕಿಯ ಮಟ್ಟಕ್ಕೆ ಏರುತ್ತಿತ್ತು. ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಇವನಿಗೆ ಮನೆ ಇಕ್ಕಟ್ಟಾಗಿ ಕಾಣತೊಡಗಿತು. ಒಂದು ಬೆಳಿಗ್ಗೆ ಸಣ್ಣ ಮಾತಿಗೆ ಸಿಡುಕಿ, ನಿಮ್ಮ ಟಕಟಕ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ ಎಂದುಬಿಟ್ಟ. ಅವನು ಪೆಟ್ಟಿಗೆ ಕಟ್ಟಿಕೊಂಡು ಹೊರಡುವವರೆಗೂ ಅತ್ತಿಗೆ ಯಂತ್ರ ನಿಲ್ಲಿಸಿ ಕೂತಿದ್ದಳು. ಆಮೇಲಿನ ಮೂರು ವರ್ಷ ಅವನು ಗೋದಾಮಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಅಣ್ಣನನ್ನು ನೋಡಲು ಬಂದಾಗ ಅತ್ತಿಗೆಯ ಜೊತೆ ‘ಚೆನ್ನಾಗಿದ್ದೀರಾ’, ‘ಹ್ಞೂಂ’, ಅಷ್ಟೇ.

ಬಿದ್ದದ್ದು ಒಂದು ಗುರುವಾರ, ಮಧ್ಯಾಹ್ನ ಮೂರಕ್ಕೆ. ಲಾರಿ ಬಾಗಿಲಲ್ಲಿ ನಿಂತಿತ್ತು. ಬೇಕಾದ ಎರಡು ಪೆಟ್ಟಿಗೆ ರ‍್ಯಾಕಿನ ಮೂರನೇ ಅಂತಸ್ತಿನಲ್ಲಿದ್ದವು. ಅವನ್ನು ಇಳಿಸಬೇಕಾದ ಫೋರ್ಕ್‌ಲಿಫ್ಟ್ ಗಾಡಿಯ ಡ್ರೈವರ್ ಟೀ ಕುಡಿಯಲು ಹೋಗಿದ್ದ; ಹೋಗಿ ಬನ್ನಿ ಎಂದು ಕಳಿಸಿದವನು ಇವನೇ. ಹದಿನೈದು ನಿಮಿಷದ ಬಿಡುವಿನಲ್ಲಿ ಹನ್ನೊಂದು ಕಳೆದಿತ್ತು. ಇನ್ನು ನಾಲ್ಕು ನಿಮಿಷ ಕಾಯುವ ತಾಳ್ಮೆ ಇವನಿಗಿರಲಿಲ್ಲ. ‘ರ‍್ಯಾಕ್ ಹತ್ತಬಾರದು’ ಎಂದು ತಾನೇ ಬರೆಸಿ ತೂಗುಹಾಕಿದ್ದ ಫಲಕದ ಪಕ್ಕದಲ್ಲೇ ಕಾಲಿಟ್ಟು ಹತ್ತಿದ. ಮೊದಲ ಪೆಟ್ಟಿಗೆ ಎಳೆದಾಗ ಎರಡನೆಯದೂ ಜೊತೆಗೆ ಬಂತು. ಎರಡರ ಜೊತೆ ಅವನೂ ಬಂದ.

ಬೆನ್ನುಮೂಳೆ ಒಂದು ಕಡೆ, ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಎರಡು ಶಸ್ತ್ರಚಿಕಿತ್ಸೆಯಾಯಿತು. ಮೂರನೇ ವಾರ ಕಂಪನಿಯಿಂದ ಒಬ್ಬರು ಆಸ್ಪತ್ರೆಗೆ ಬಂದು ಒಂದು ಹೇಳಿಕೆಯನ್ನು ಓದಿ ಹೇಳಿದರು. ಅದರಲ್ಲಿ, ಘಟನೆ ನಡೆದಾಗ ಫೋರ್ಕ್‌ಲಿಫ್ಟ್ ಚಾಲಕ ಸ್ಥಳದಲ್ಲಿರಲಿಲ್ಲ ಎಂಬ ಒಂದು ಸಾಲಿತ್ತು. ಸುಳ್ಳಲ್ಲ ಅದು. ಅವನು ಮಲಗಿದಲ್ಲೇ ಸಹಿ ಹಾಕಿದ.

ಮನೆಗೆ ಕಳಿಸುವ ದಿನ ಬಂದಾಗ, ಯಾವ ಮನೆಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಆಸ್ಪತ್ರೆಯ ಮಾದರಿಯ ಮಂಚವನ್ನು ಅಣ್ಣ ಬಾಡಿಗೆಗೆ ತಂದಿದ್ದ. ಒಳಗಿನ ಕೋಣೆಗಳ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಅತ್ತಿಗೆ ನೀಲಿ ಬಟ್ಟೆಯ ರಾಶಿಯನ್ನೆಲ್ಲ ಒಂದು ಮೂಲೆಗೆ ಒತ್ತರಿಸಿ, ಯಂತ್ರವನ್ನು ಗೋಡೆಗೆ ಸರಿಸಿ, ಮುಂದಿನ ಕೋಣೆಯಲ್ಲೇ ಜಾಗ ಮಾಡಿದಳು. ಹೀಗೆ, ಯಾವ ಟಕಟಕಕ್ಕೆ ಹೆದರಿ ಮನೆ ಬಿಟ್ಟಿದ್ದನೋ ಅದರಿಂದ ಮೂರಡಿ ದೂರದಲ್ಲಿ ಅವನು ಒಂದೂಕಾಲು ವರ್ಷ ಮಲಗಿದ.

ಮೊದಲ ತಿಂಗಳುಗಳಲ್ಲಿ ಅವನಿಗೆ ತಾನಾಗಿ ಮಗ್ಗುಲಾಗಲು ಬರುತ್ತಿರಲಿಲ್ಲ. ಬೆನ್ನು ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ತಿರುಗಿಸಬೇಕೆಂದು ನರ್ಸ್ ಹೇಳಿಕೊಟ್ಟಿದ್ದಳು. ರಾತ್ರಿಯ ಪಾಳಿ ಅಣ್ಣನದು, ಹಗಲಿನದು ಅತ್ತಿಗೆಯದು. ಆಕೆ ಯಂತ್ರ ನಿಲ್ಲಿಸಿ, ಕೈ ತೊಳೆದುಕೊಂಡು ಬಂದು, ಭುಜದ ಕೆಳಗೊಂದು ಸೊಂಟದ ಕೆಳಗೊಂದು ಕೈ ಕೊಟ್ಟು ಅವನನ್ನು ಉರುಳಿಸಿ, ಬೆನ್ನಿಗೆ ದಿಂಬು ಒತ್ತಿ, ಮತ್ತೆ ಹೋಗಿ ಕಾಲರು ಹೊಲಿಯುತ್ತಿದ್ದಳು. ಮುಖದಲ್ಲಿ ಬೇಸರವೂ ಇಲ್ಲ, ಮಹಾ ಕರುಣೆಯೂ ಇಲ್ಲ. ಅವನಿಗೆ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ಒಂದು ಮಧ್ಯಾಹ್ನ ಧೈರ್ಯ ಮಾಡಿ, ಅತ್ತಿಗೆ, ಅವತ್ತು ನಾನು ಹಾಗೆ ಅನ್ನಬಾರದಿತ್ತು ಎಂದು ಶುರು ಮಾಡಿದ.

“ಮುಖ ಆ ಕಡೆ ಮಾಡು. ಬೆನ್ನು ಒರೆಸಬೇಕು,” ಎಂದಳು ಅತ್ತಿಗೆ.

ಕ್ಷಮೆಯ ಪ್ರಸಂಗ ಅಲ್ಲಿಗೆ ಮುಗಿಯಿತು. ಆದರೆ ಅವತ್ತಿನಿಂದ ಇಬ್ಬರೂ ಮಾತಾಡತೊಡಗಿದರು. ಯಾವ ಶಾಲೆಯವರು ಜೇಬು ಎರಡು ಕೇಳುತ್ತಾರೆ, ಯಾವ ತಾಯಿ ಮಗು ಬೆಳೆಯುತ್ತದೆಂದು ಮೂರು ಅಳತೆ ದೊಡ್ಡದು ಹೊಲಿಸುತ್ತಾಳೆ, ಇಂಥವೇ. ಎಂಟನೇ ವಾರದಿಂದ ಅವನು ಮಲಗಿದಲ್ಲೇ ಅಂಗಿಗಳಿಗೆ ಗುಂಡಿ ಹಚ್ಚತೊಡಗಿದ. ಮೊದಲ ದಿನ ಹಚ್ಚಿದ ಹನ್ನೆರಡನ್ನೂ ಅತ್ತಿಗೆ ಬಿಚ್ಚಿ, ಮತ್ತೆ ಅವನ ಕೈಗೇ ಕೊಟ್ಟಳು.

ಭಾನುವಾರಗಳಂದು ಫೋರ್ಕ್‌ಲಿಫ್ಟ್ ಡ್ರೈವರ್ ಬರುತ್ತಿದ್ದ. ನಲವತ್ತು ದಾಟಿದ ಮನುಷ್ಯ, ಹತ್ತು ಮಾತಿಗೆ ಒಂದು ಆಡುವವನು. ಬಂದವನೇ ಬಿಸಿನೀರು ಕೇಳಿ, ಟವೆಲ್ ಹಾಸಿ, ಅವನ ಗಡ್ಡ ಹೆರೆದು, ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಡುತ್ತಿದ್ದ. ಒಂದು ಭಾನುವಾರವೂ ತಪ್ಪಲಿಲ್ಲ. ಈ ಉಪಕಾರಕ್ಕೆ ಕಾರಣವೇನೆಂದು ಇವನು ಯೋಚಿಸಲಿಲ್ಲ. ಒಳ್ಳೆಯ ಮನುಷ್ಯ ಎಂದುಕೊಂಡ, ಅಷ್ಟೇ. ಹೇಳಿಕೆಯ ಆ ಒಂದು ಸಾಲಿನಿಂದಾಗಿ ಡ್ರೈವರ್‌ಗೆ ಎಚ್ಚರಿಕೆ ಪತ್ರ ಬಂದಿತ್ತು, ಯಾರ್ಡಿನ ಮುಖ್ಯಸ್ಥನಾಗುವ ಸರದಿ ತಪ್ಪಿತ್ತು ಎಂಬುದು ಅವನಿಗೆ ಗೊತ್ತಾದದ್ದು ಹತ್ತನೇ ತಿಂಗಳಲ್ಲಿ, ನೋಡಲು ಬಂದ ಬೇರೊಬ್ಬರ ಬಾಯಿಂದ. ಕೇಳಿ ಕಸಿವಿಸಿಯಾಯಿತು. ಎದ್ದು ಓಡಾಡುವಂತಾದ ಮೇಲೆ ಏನಾದರೂ ಮಾಡಬೇಕು ಅಂದುಕೊಂಡ. ಎದ್ದು ಓಡಾಡುವಂತಾಗುವ ಹೊತ್ತಿಗೆ ಅದು ಮನಸ್ಸಿನ ಯಾವುದೋ ಮೂಲೆ ಸೇರಿತ್ತು.

ಇನ್ನೊಬ್ಬರು ಲೆಕ್ಕದ ಮೇಷ್ಟ್ರು. ನಿವೃತ್ತರು, ಪಕ್ಕದ ಬೀದಿಯವರು. ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ಬಂದವರು, ಮಂಚದ ಮೇಲೆ ಸುಮ್ಮನೆ ಚಾವಣಿ ನೋಡುತ್ತ ಬಿದ್ದಿದ್ದ ಇವನನ್ನು ಕಂಡು ಒಂದು ಒಗಟಿನಂಥ ಲೆಕ್ಕ ಹೇಳಿ ಹೋದರು. ಮರುದಿನ ಉತ್ತರ ಕೇಳುವ ನೆಪದಲ್ಲಿ ಬಂದರು. ಆಮೇಲೆ ಅದೇ ಪ್ಯಾಂಟನ್ನು ಸಡಿಲ ಮಾಡಿಸಲು ಬಂದರು. ಆ ಒಂದು ಪ್ಯಾಂಟು ಆ ವರ್ಷ ಏಳು ಸಲ ಬಿಗಿಯಾಗಿ ಸಡಿಲವಾಯಿತು ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾಳೆ. ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಯ ಹಳೆಯ ಪುಸ್ತಕವೊಂದನ್ನು ಎಲ್ಲಿಂದಲೋ ಹುಡುಕಿ ತಂದವರು ಅವರೇ. ಇನ್ನು ಮೇಲೆ ಇವನು ಗೋದಾಮಿನ ನೆಲದ ಮೇಲೆ ಓಡುವುದು ಸಾಧ್ಯವಿಲ್ಲ, ತಲೆ ಮಾತ್ರ ಎಲ್ಲಿ ಬೇಕಾದರೂ ಓಡಬಹುದು ಎಂಬುದು ಅವರ ವಾದ.

ಇಪ್ಪತ್ತೆರಡು ತಿಂಗಳ ನಂತರ ಅವನು ಊರುಗೋಲು ಹಿಡಿದು ಗೋದಾಮಿಗೆ ಮರಳಿದ. ಮ್ಯಾನೇಜರ್ ಮೇಜಿನ ಕೆಲಸ ಕೊಟ್ಟರು. ಮರುವರ್ಷ ಪರೀಕ್ಷೆ ಬರೆದ. ಅವನೇ ನಂಬದಷ್ಟು ಚೆನ್ನಾಗಿ ಅಂಕ ಬಂದವು. ಕೆಲಸ ಬಿಡದೆ ವಾರದ ಕೊನೆಯಲ್ಲಿ ಓದುವ ಎರಡು ವರ್ಷದ ತರಗತಿಗೆ ಅರ್ಜಿ ತರಿಸಿಕೊಂಡ. ಎಲ್ಲ ಕಾಲಮುಗಳೂ ಸರಾಗವಾಗಿ ತುಂಬಿದವು, ಒಂದನ್ನು ಬಿಟ್ಟು. ‘ಆರು ತಿಂಗಳಿಗಿಂತ ಹೆಚ್ಚು ಕಾಲ ಉದ್ಯೋಗದಲ್ಲಿ ಇರದಿದ್ದಲ್ಲಿ ನೂರೈವತ್ತು ಪದಗಳಲ್ಲಿ ವಿವರಿಸಿ.’

ಆ ನೂರೈವತ್ತು ಪದ ಅವನನ್ನು ಎರಡು ವಾರ ಕಾಡಿಸಿದವು. ಮೊದಲು ‘ಸ್ವಂತ ಅಧ್ಯಯನ’ ಎಂದು ಬರೆದು, ತಾನೇ ನಕ್ಕು ಹರಿದು ಹಾಕಿದ. ಅಣ್ಣನ ಪ್ರಕಾರ ‘ಅನಾರೋಗ್ಯ’ ಎಂಬ ಒಂದು ಪದ ಸಾಕು, ಉಳಿದ ನೂರನಲವತ್ತೊಂಬತ್ತನ್ನು ಅವರೇ ಇಟ್ಟುಕೊಳ್ಳಲಿ. ಮೇಷ್ಟ್ರು ತಂದುಕೊಟ್ಟ ಮಾರ್ಗದರ್ಶಿ ಪುಸ್ತಕದಲ್ಲಿ, ಇಂಥ ಅವಧಿಯನ್ನು ನಾಯಕತ್ವದ ಪಾಠವಾಗಿ ತೋರಿಸಬೇಕು ಎಂದಿತ್ತು. ಅತ್ತಿಗೆಯ ಕೈಯಲ್ಲಿ ಮಗುವಿನ ಹಾಗೆ ಉರುಳಿಸಿಕೊಂಡವನಿಗೆ ಎಲ್ಲಿಯ ನಾಯಕತ್ವ? ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಕೂತು ನಾಲ್ಕು ಸಾಲು ಬರೆದ. ಕೆಲಸದ ಸ್ಥಳದಲ್ಲಿ ಫೋರ್ಕ್‌ಲಿಫ್ಟ್ ಸಕಾಲಕ್ಕೆ ಲಭ್ಯವಿಲ್ಲದ ಕಾರಣ ಸಂಭವಿಸಿದ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು, ದೃಢಸಂಕಲ್ಪದಿಂದ ಚೇತರಿಸಿಕೊಂಡೆ ಎಂದು. ಚೆನ್ನಾಗಿದೆ ಅನ್ನಿಸಿತು. ಅತ್ತಿಗೆಗೆ ಓದಲು ಕೊಟ್ಟ.

ಆಕೆ ಕಾಜಾ ಹೊಲಿಯುತ್ತಿದ್ದಳು. ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು, ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

“ಅಂದ್ರೆ ತಪ್ಪು ಡ್ರೈವರದ್ದಾ?” ಎಂದು ಕೇಳಿದಳು.

“ಹಾಗೆಲ್ಲಿ ಬರೆದಿದ್ದೀನಿ ಅತ್ತಿಗೆ? ಗಾಡಿ ಇರಲಿಲ್ಲ ಅಂತ ಬರೆದಿದ್ದೀನಿ.”

“ಓದಿದವರಿಗೆ ಹಾಗೇ ತಿಳಿಯುತ್ತೆ. ನನಗೂ ಹಾಗೇ ತಿಳೀತು.” ಆಕೆ ಕಾಗದ ವಾಪಸು ಕೊಟ್ಟಳು. “ಅವರು ಪ್ರತಿ ಭಾನುವಾರ ಬಂದು ನಿನ್ನ ಗಡ್ಡ ಹೆರೆದುಹೋಗ್ತಿದ್ರಲ್ಲ, ಯಾಕೆ ಅಂತ ಒಂದು ದಿನಾನಾದ್ರೂ ಕೇಳಿದ್ಯಾ?”

ಅತ್ತಿಗೆ ಸೂಜಿ ಎತ್ತಿಕೊಂಡು ಮತ್ತೆ ಕೆಲಸಕ್ಕೆ ಕೂತಳು. ಅವನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಮೂಲೆಗೆ ತಳ್ಳಿದ್ದೆಲ್ಲ ಎದುರಿಗೆ ಬಂದು ನಿಂತಿತ್ತು. ಗಾಡಿ ಇರಲಿಲ್ಲ ಎನ್ನುವುದು ನಿಜ; ಯಾಕೆ ಇರಲಿಲ್ಲ, ಯಾರು ಕಳಿಸಿದರು, ಎಷ್ಟು ಹೊತ್ತಾಗಿತ್ತು ಎಂಬುದನ್ನು ಅವನು ಒಮ್ಮೆಯೂ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅರ್ಧ ನಿಜಕ್ಕೆ ಸಹಿ ಹಾಕಿದ್ದ. ಈಗ ಅದೇ ಅರ್ಧವನ್ನು ಎರಡನೇ ಸಲ, ತನ್ನ ಅಕ್ಷರದಲ್ಲೇ, ಬರೆದಿದ್ದ.

ಸಂಜೆ ಡ್ರೈವರ್ ಮನೆಗೆ ಹೋದ. ಎರಡನೇ ಮಹಡಿ, ಒಂದೊಂದೇ ಮೆಟ್ಟಿಲು ಹತ್ತಿ, ಮಧ್ಯದಲ್ಲಿ ನಿಂತು ಉಸಿರು ತಗೊಂಡು ಹೋಗಬೇಕಾಯಿತು. ಡ್ರೈವರ್ ಬಾಲ್ಕನಿಯಲ್ಲಿ ಕೂತು ಹಳೆಯ ಫ್ಯಾನ್ ಒಂದನ್ನು ಬಿಚ್ಚಿ ಒರೆಸುತ್ತಿದ್ದ. ಇವನನ್ನು ನೋಡಿ ಗಾಬರಿಯಾಗಿ, ಫೋನ್ ಮಾಡಿದ್ದರೆ ತಾನೇ ಕೆಳಗೆ ಬರುತ್ತಿದ್ದೆನಲ್ಲ ಎಂದು ಕುರ್ಚಿ ಎಳೆದ. ಇವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಲ್ಲಿಗೇ ಚೆಲ್ಲಾಪಿಲ್ಲಿಯಾದವು.

“ಡ್ರೈವರಣ್ಣ, ಅವತ್ತು ನಿಮ್ಮನ್ನ ಟೀಗೆ ಕಳಿಸಿದ್ದು ನಾನು. ನಿಮಗೆ ಹದಿನೈದು ನಿಮಿಷ ಇತ್ತು. ಹನ್ನೊಂದಕ್ಕೇ ನಾನು ಹತ್ತಿದೆ. ಅದನ್ನ ಕಾಗದದಲ್ಲಿ ಹೇಳಲಿಲ್ಲ. ನಿಮಗೆ ಪತ್ರ ಬಂದದ್ದು ಗೊತ್ತಾದ ಮೇಲೂ ಹೇಳಲಿಲ್ಲ.”

ಡ್ರೈವರ್ ಫ್ಯಾನಿನ ರೆಕ್ಕೆಯನ್ನು ಒರೆಸುತ್ತಲೇ ಇದ್ದ.

“ನಾನು ಅವತ್ತು ಎರಡನೇ ಲೋಟ ತಗೊಂಡೆ ಸಾರ್. ಯಾವತ್ತೂ ಒಂದೇ ಕುಡಿಯೋನು. ಅದನ್ನ ಬಿಟ್ಟಿದ್ರೆ ನೀವು ಬೀಳ್ತಿರಲಿಲ್ಲ ಅಂತ ಈ ಮೂರು ವರ್ಷ ಅಂದುಕೊಂಡೇ ಇದ್ದೀನಿ. ಹನ್ನೊಂದು ನಿಮಿಷ ಅಂತ ನನಗೆ ಗೊತ್ತೇ ಇರಲಿಲ್ಲ. ಅರ್ಧ ಗಂಟೆ ಆಗಿತ್ತೇನೋ ಅನ್ನೋ ಹಾಗಿತ್ತು ನನಗೆ.”

ಡ್ರೈವರ್ ಹೆಂಡತಿ ಟೀ ತಂದಿಟ್ಟಳು. ಇಬ್ಬರೂ ಅದನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟರು. ಯಾಕೆ ನಗುತ್ತಿದ್ದಾರೆಂದು ಆಕೆಗೆ ತಿಳಿಯಲಿಲ್ಲ. ಹೊರಡುವಾಗ ಡ್ರೈವರ್ ಅವನ ತೋಳು ಹಿಡಿದು ಕೊನೆಯ ಮೆಟ್ಟಿಲವರೆಗೂ ಇಳಿಸಿದ. ಬೇಡ ಎಂದು ಇವನೂ ಅನ್ನಲಿಲ್ಲ.

ಸೋಮವಾರ ಅವನು ಮ್ಯಾನೇಜರ್ ಮೇಜಿನ ಮೇಲೆ ಒಂದು ಪತ್ರ ಇಟ್ಟ. ನಡೆದದ್ದನ್ನು ನಡೆದ ಹಾಗೆ ಬರೆದು, ಹಳೆಯ ಹೇಳಿಕೆ ಅಪೂರ್ಣವಾಗಿತ್ತು, ಅದನ್ನು ಸರಿಪಡಿಸಿಕೊಳ್ಳಬೇಕು ಎಂದು ಕೇಳಿದ್ದ. ಅವನ ಅರ್ಜಿಗೆ ಶಿಫಾರಸು ಬರೆಯಬೇಕಾದವರೂ ಈ ಮ್ಯಾನೇಜರೇ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು. ಇದು ಫೈಲಿಗೆ ಹೋದರೆ ನಿನ್ನ ಹೆಸರಿಗೆ ಒಂದು ಎಚ್ಚರಿಕೆ ಬೀಳುತ್ತದೆ, ಗೊತ್ತು ತಾನೇ ಎಂದು ಕೇಳಿದರು. ಗೊತ್ತು ಎಂದ. ಮೂರು ವರ್ಷ ಕಳೆದಿದೆ, ಯಾರೂ ಕೇಳುತ್ತಿರಲಿಲ್ಲವಲ್ಲ ಎಂದರು. ಆದರೂ ಪತ್ರವನ್ನು ಫೈಲಿಗೆ ಸೇರಿಸಿದರು. ಎರಡು ವಾರದಲ್ಲಿ ಡ್ರೈವರ್ ಹೆಸರಿನ ಎಚ್ಚರಿಕೆ ರದ್ದಾಯಿತು, ಇವನ ಹೆಸರಿಗೆ ಒಂದು ಬಂತು. ಶಿಫಾರಸು ಪತ್ರವನ್ನು ಅವರು ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು. ಅದರಲ್ಲಿ ಏನಿತ್ತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಆ ಕಾಲಮನ್ನು ಅವನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದ:

‘ನಿಯಮ ಮೀರಿ, ಕಾಯುವ ತಾಳ್ಮೆಯಿಲ್ಲದೆ, ಗೋದಾಮಿನ ರ‍್ಯಾಕ್ ಹತ್ತಿ ಬಿದ್ದೆ. ಬೆನ್ನು, ಸೊಂಟ ಮುರಿಯಿತು. ತಪ್ಪು ನನ್ನದೇ. ಇಪ್ಪತ್ತೆರಡು ತಿಂಗಳು ನಾನು ಕೆಲಸ ಮಾಡಲಿಲ್ಲ. ನನಗಾಗಿ ಬೇರೆಯವರು ಮಾಡಿದರು. ನನ್ನ ಅತ್ತಿಗೆ ದಿನಕ್ಕೆ ಆರು ಸಲ ಹೊಲಿಗೆ ನಿಲ್ಲಿಸಿ ನನ್ನನ್ನು ಮಗ್ಗುಲಾಗಿಸಿದರು. ಅಣ್ಣ ರಾತ್ರಿಗಳನ್ನು ನೋಡಿಕೊಂಡರು. ಒಬ್ಬ ಸಹೋದ್ಯೋಗಿ ಭಾನುವಾರಗಳನ್ನು ಕೊಟ್ಟರು. ಒಬ್ಬ ಮೇಷ್ಟ್ರು ಲೆಕ್ಕ ಹೇಳಿಕೊಟ್ಟರು. ಈ ಪರೀಕ್ಷೆಯ ಅಂಕಗಳಲ್ಲಿ ಅವರ ಪಾಲು ದೊಡ್ಡದು. ನಾನು ಸುಮಾರು ನಾಲ್ಕು ಸಾವಿರ ಗುಂಡಿ ಹಚ್ಚಿದೆ. ಈ ಅವಧಿಯ ಬಗ್ಗೆ ಹೇಳಿಕೊಳ್ಳುವಂಥ ಸಾಧನೆ ನನ್ನಲ್ಲಿಲ್ಲ, ಕೃತಜ್ಞತೆ ಇದೆ.’

ಮೇಷ್ಟ್ರು ಬೆರಳು ಮಡಚಿ ಪದಗಳನ್ನು ಎಣಿಸಿದರು. ನೂರೂ ತುಂಬುವುದಿಲ್ಲ, ಇನ್ನೂ ಜಾಗ ಉಳಿದಿದೆ ಎಂದರು. ತಮ್ಮ ಪ್ರಸ್ತಾಪವಿದ್ದ ಸಾಲನ್ನು ಮತ್ತೊಮ್ಮೆ ಓದಿ, ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣು ಉಜ್ಜಿಕೊಂಡರು.

ಸಂದರ್ಶನದ ಕೋಣೆಯಲ್ಲಿ ಮೂವರಿದ್ದರು: ನರೆಗೂದಲಿನ ಒಬ್ಬ ಮೇಡಂ, ಒಬ್ಬ ಯುವ ಅಧ್ಯಾಪಕ, ಯಾವುದೋ ಕಾರ್ಖಾನೆಯಿಂದ ಬಂದಿದ್ದ ಒಬ್ಬ ಅಧಿಕಾರಿ. ಲೆಕ್ಕ, ಲಾರಿ, ದಾಸ್ತಾನು ಎಂದು ಹತ್ತು ನಿಮಿಷ ಕೇಳಿದ ಮೇಲೆ ಮೇಡಂ ಆ ಕಾಲಮಿಗೆ ಬಂದರು. ಈ ಇಪ್ಪತ್ತೆರಡು ತಿಂಗಳಲ್ಲಿ ಏನು ಕಲಿತಿರಿ ಎಂದರು.

“ಮಗ್ಗುಲಾಗೋದು ಕಲಿತೆ ಮೇಡಂ. ಅದಕ್ಕೆ ಹನ್ನೊಂದು ವಾರ ಹಿಡೀತು.”

ಯುವ ಅಧ್ಯಾಪಕ ನಕ್ಕ. ಅಧಿಕಾರಿ ನಗಲಿಲ್ಲ. ಸುರಕ್ಷತೆಯ ನಿಯಮ ಮೀರಿದೆ ಎಂದು ನೀವೇ ಬರೆದುಕೊಂಡಿದ್ದೀರಿ, ನಾಳೆ ನಿಮ್ಮ ಕೈಗೆ ನೂರು ಜನರನ್ನು ಹೇಗೆ ಕೊಡುವುದು ಎಂದು ಕೇಳಿದರು. ಪುಸ್ತಕದಲ್ಲಿ ಇಂಥ ಪ್ರಶ್ನೆ ಇರಲಿಲ್ಲ. ಅವನು ಯೋಚಿಸಿದ.

“ಕೊಡಬೇಕಾ ಅನ್ನೋದು ನನಗೂ ಗೊತ್ತಿಲ್ಲ ಸಾರ್. ಒಂದು ಮಾತ್ರ ಗೊತ್ತು. ಹತ್ತಬಾರದು ಅಂತ ಬೋರ್ಡ್ ಹಾಕಿಸಿದ್ದು ನಾನೇ. ಲಾರಿ ಐದು ನಿಮಿಷ ನಿಂತರೆ ಮುಖ ಸಿಂಡರಿಸ್ತಿದ್ದದ್ದೂ ನಾನೇ. ಎರಡನ್ನೂ ಒಬ್ಬನೇ ಮಾಡಿದ್ರೆ ಜನ ಬೋರ್ಡ್ ಓದಲ್ಲ, ಮುಖ ಓದ್ತಾರೆ. ಈಗ ಲಾರಿ ಕಾಯುತ್ತೆ ಅಂತ ಮೊದಲೇ ಹೇಳಿಬಿಡ್ತೀನಿ.”

ಅಧಿಕಾರಿ ಏನೋ ಗೀಚಿಕೊಂಡರು. ಅದು ಪರವಾಗಿಯೋ ವಿರುದ್ಧವಾಗಿಯೋ ತಿಳಿಯಲಿಲ್ಲ.

ಫಲಿತಾಂಶದ ದಿನ ಅವನ ಹೆಸರು ಕಾಯುವ ಪಟ್ಟಿಯಲ್ಲಿ ಒಂಬತ್ತನೆಯದಾಗಿತ್ತು. ಅಣ್ಣ ಒಂದು ವಾರ ಮುಖ ಊದಿಸಿಕೊಂಡು, ‘ಅನಾರೋಗ್ಯ’ ಅಂತ ಬರೆಯೋ ಅಂದಿದ್ದೆ ಎಂದು ಗೊಣಗಿದ. ಇವನಿಗೇ ಆಶ್ಚರ್ಯವಾಗುವಂತೆ ಅಂಥ ಬೇಸರವೇನೂ ಆಗಲಿಲ್ಲ. ಡ್ರೈವರ್ ಅದೇ ವಾರ ಯಾರ್ಡಿನ ಮುಖ್ಯಸ್ಥನಾಗಿ ಹೊಸ ಟೋಪಿ ಹಾಕಿಕೊಂಡಿದ್ದ. ಆ ಟೋಪಿ ಅವನ ತಲೆಗೆ ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಇಳಿಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಇವನಿಗೆ ಎದೆ ಹಗುರಾಗುತ್ತಿತ್ತು.

ಹತ್ತೊಂಬತ್ತನೇ ದಿನ ಕಾಲೇಜಿನಿಂದ ಫೋನ್ ಬಂತು. ಒಂದು ಸೀಟು ಖಾಲಿಯಾಗಿದೆ, ಶುಕ್ರವಾರದೊಳಗೆ ಬಂದು ಸೇರಿಕೊಳ್ಳಿ ಎಂದರು. ಅವನು ಅತ್ತಿಗೆಗೆ ಹೇಳಿದಾಗ ಆಕೆ ಯಂತ್ರ ನಿಲ್ಲಿಸಿ ಬಂದು, ಊರುಗೋಲಿಲ್ಲದೆ ನಿಂತಿದ್ದ ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. “ಒಳ್ಳೇ ಅಂಗಿ ಒಂದೂ ಇಲ್ಲ ನಿನ್ನ ಹತ್ರ,” ಎಂದು ಟೇಪ್ ತಂದು ಭುಜದ ಅಳತೆ ತಗೊಂಡಳು.

ಈಗ ಅವನು ಎರಡನೇ ಸೆಮಿಸ್ಟರಿನಲ್ಲಿದ್ದಾನೆ. ಶನಿವಾರ, ಭಾನುವಾರ ತರಗತಿ. ತನಗಿಂತ ಎಂಟು ಹತ್ತು ವರ್ಷ ಚಿಕ್ಕವರ ನಡುವೆ ಮೂರನೇ ಬೆಂಚಿನ ಅಂಚಿನಲ್ಲಿ, ಕಾಲು ಚಾಚಲು ಜಾಗವಿರುವ ಕಡೆ ಕೂರುತ್ತಾನೆ. ಅಂಕಗಳು ಮಧ್ಯಮ. ಹಣಕಾಸಿನ ವಿಷಯ ತಲೆಗೆ ಹತ್ತದಿದ್ದಾಗ ಮೇಷ್ಟ್ರ ಮನೆಗೆ ಓಡುತ್ತಾನೆ. ಮೇಷ್ಟ್ರೂ ಅದನ್ನು ಹೊಸದಾಗಿ ಕಲಿತು ಹೇಳಿಕೊಡುತ್ತಾರೆ.

ಬುಧವಾರ ಸಂಜೆ ಮಾತ್ರ ಅವನು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಈಚೆಗೆ ಅತ್ತಿಗೆಯ ಬಲ ಭುಜ ಹಿಡಿದುಕೊಂಡಿದೆ. ಯಂತ್ರದಿಂದ ಅನ್ನುತ್ತಾಳೆ ಆಕೆ. ಕಾರಣ ಅದೊಂದೇ ಅಲ್ಲ ಎಂದು ಅವನಿಗೆ ಗೊತ್ತು. ವಾರಕ್ಕೊಮ್ಮೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಾನೆ. ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸಬೇಕು, ಹತ್ತು ಸಲ. ಆರನೆಯದಕ್ಕೇ ಅತ್ತಿಗೆ ಸಾಕು ಎಂದು ಕೈ ಇಳಿಸುತ್ತಾಳೆ.

“ಇನ್ನೂ ನಾಲ್ಕಿದೆ ಅತ್ತಿಗೆ.”

“ನಿನ್ನ ಹತ್ರ ನಾನು ಯಾವತ್ತಾದ್ರೂ ಲೆಕ್ಕ ಹಿಡಿದಿದ್ದೆನಾ?”

“ಹಿಡಿದಿದ್ರಿ, ದಿನಕ್ಕೆ ಆರು ಸಲ. ಒಂದು ದಿನಾನೂ ಬಿಟ್ಟಿರಲಿಲ್ಲ.”

ಅತ್ತಿಗೆ ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಬೆರಳುಗಳನ್ನು ಗೋಡೆಗೆ ಊರುತ್ತಾಳೆ. ಅವನು ಪಕ್ಕದಲ್ಲಿ ನಿಂತು, ಆಕೆಯ ಮೊಣಕೈ ಕೆಳಗೆ ಅಂಗೈ ಕೊಟ್ಟು, ಏಳು ಎನ್ನುತ್ತಾನೆ.